ಮಿಠಾಯಿ ಮನೆಯಲ್ಲಿ ಉಪ್ಪು ಬೇಡಿದ ಕೂಸು

"ಕೂಸು ಬಂತ್ರಿ! ಸ್ವಲ್ಪ ಗದ್ದಲಾ ಕಡಿಮಿ ಮಾಡ್ರಿ," ಎಂದಿತು ತೊಟ್ಟಿಲು.

ಬೆಳಗಾವಿಯ ಆ ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಮಾತಾಡುತ್ತಿದ್ದವರೆಲ್ಲ ತಟ್ಟನೆ ಬಾಯಿ ಮುಚ್ಚಿದರು. ಗಾಜಿನ ಗೋಡೆಯಾಚೆ ದಾದಿಯೊಬ್ಬಳು ಆಗಷ್ಟೇ ಹುಟ್ಟಿದ ಕೂಸನ್ನು ತೊಟ್ಟಿಲಿಗೆ ಇಳಿಸಿದಳು. ತೊಟ್ಟಿಲು ತನ್ನಷ್ಟಕ್ಕೆ ತಾನೇ ಮೆಲ್ಲಗೆ ತೂಗತೊಡಗಿತು. ಪಕ್ಕದ ಪರದೆಯ ಮೇಲೆ ಎರಡು ಮೂತ್ರಪಿಂಡಗಳು, ಅವುಗಳಿಂದ ಇಳಿಯುವ ಎರಡು ನಾಳಗಳು, ಕೆಳಗೊಂದು ಮೂತ್ರಚೀಲ, ಹೀಗೆ ಒಂದೊಂದಾಗಿ ಮೂಡಿಬಂದವು.

ಕಾಗದಪತ್ರಗಳಲ್ಲಿ ಇದರ ಹೆಸರು 'ಒಳನೋಟದ ತೊಟ್ಟಿಲು'. ಊರವರ ಬಾಯಲ್ಲಿ ಮಾತ್ರ ತೊಟ್ಟಿಲಕ್ಕ. ತೊಟ್ಟಿಲಿನ ಜೋಳಿಗೆಯನ್ನು ಕೂದಲೆಳೆಗಿಂತ ತೆಳುವಾದ ತಂತಿಗಳಿಂದ ನೇಯಲಾಗಿತ್ತು. ಆ ತಂತಿಗಳು ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಕೂಸಿನ ಮೈಯೊಳಗೆ ಕಳಿಸಿ, ಮರಳಿ ಬಂದ ಅಲೆಗಳಿಂದ ಒಳಗಿನ ನಕ್ಷೆ ಬರೆಯುತ್ತಿದ್ದವು. ಕೆಳಗೆ ಹಾಸಿದ ಬಟ್ಟೆ ಕೂಸಿನ ಮೊದಲ ಉಚ್ಚೆಯ ಹನಿ ಬಿದ್ದೊಡನೆ ಅದರಲ್ಲಿನ ಲವಣ, ಹಾರ್ಮೋನುಗಳನ್ನೆಲ್ಲ ಅಳೆದುಬಿಡುತ್ತಿತ್ತು. ಹಿಂದಿನ ಕಾಲದಲ್ಲಿ ಮೂತ್ರದ ದಾರಿಗೆ ಅಡ್ಡಪೊರೆ ಬೆಳೆದ ಕೂಸು, ಎರಡು ಮೂತ್ರಪಿಂಡ ಒಂದಕ್ಕೊಂದು ಅಂಟಿ ಕುದುರೆ ಲಾಳದಂತಾದ ಕೂಸು, ಮೂತ್ರಚೀಲವೇ ಹೊಟ್ಟೆಯ ಹೊರಗೆ ತೆರೆದುಕೊಂಡ ಕೂಸು ಹುಟ್ಟಿದರೆ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಅಲೆದಾಡಿಸಬೇಕಿತ್ತು. ಶಸ್ತ್ರವೈದ್ಯರು ತೀರ್ಮಾನಕ್ಕೆ ಬರುವಷ್ಟರಲ್ಲಿ ಎಷ್ಟೋ ಕೂಸುಗಳ ಮೂತ್ರಪಿಂಡಗಳು ಹಾಳಾಗಿರುತ್ತಿದ್ದವು. ಈಗ ತೊಟ್ಟಿಲಕ್ಕ ನಾಲ್ಕು ತೂಗು ತೂಗಿ ಮೂರರಲ್ಲಿ ಒಂದು ಮಾತು ಹೇಳುತ್ತಿದ್ದಳು: "ಕೂಸು ಆರಾಮ ಐತಿ", "ಡಾಕ್ಟರನ್ನ ಕರೀರಿ", ಇಲ್ಲವೇ "ಕಾಯ್ರಿ". ಮೊದಲೆರಡರ ಜೊತೆಗೆ ಗಂಡೋ ಹೆಣ್ಣೋ ಎಂಬುದನ್ನೂ ಸಾರುತ್ತಿದ್ದಳು. ಮೂರನೆಯದನ್ನು ಕೇಳಿದವರು ಊರಲ್ಲಿ ಇರಲೇ ಇಲ್ಲ ಎನ್ನಬಹುದು.

ಇದನ್ನು ಕಂಡುಹಿಡಿದವರು ಡಾಕ್ಟರ್ ವೈಜಯಂತಿ, ಮೈಸೂರು ಕಡೆಯ ಶಿಶು ಶಸ್ತ್ರವೈದ್ಯೆ. ಮೊದಲು ಅವರು ತೊಟ್ಟಿಲಿಗೆ ಅಚ್ಚುಕಟ್ಟಾದ ಪುಸ್ತಕದ ಕನ್ನಡ ಕಲಿಸಿದ್ದರು. "ಶಿಶುವಿನ ಮೂತ್ರಾಂಗ ವ್ಯೂಹವು ಸಹಜಸ್ಥಿತಿಯಲ್ಲಿದೆ" ಎಂದು ಅದು ಘೋಷಿಸಿದ ಕೂಡಲೇ ಬಾಣಂತಿಯರು ಏನೋ ಆಗಬಾರದ್ದು ಆಗಿದೆಯೆಂದು ಎದೆ ಬಡಿದುಕೊಂಡು ಅಳುತ್ತಿದ್ದರು. ಕೊನೆಗೆ ಊರಿನ ಅರ್ಧ ಜನರನ್ನು ಭೂಮಿಗೆ ತಂದು ನಿವೃತ್ತಳಾದ ದಾದಿಯೊಬ್ಬಳ ದನಿಯನ್ನು ತುಂಬಿಸಿದರು. ಆ ದನಿಗೆ ಗದರುವ ಅಭ್ಯಾಸವೂ ಇತ್ತು. ಅದೂ ತೊಟ್ಟಿಲಿಗೆ ಬಂತು.

ಆ ದಿನ ಗಾಜಿಗೆ ಮೂಗೊತ್ತಿ ನಿಂತಿದ್ದವರಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ರಾಚಪ್ಪ ಮಿಠಾಯಿ. ಮೂರು ತಲೆಮಾರಿನ ಮಿಠಾಯಿ ಅಂಗಡಿಯ ಯಜಮಾನರು. ಒಳಗೆ ಮಲಗಿದ್ದದ್ದು ಅವರ ಒಬ್ಬಳೇ ಮಗಳು ದಾನೇಶ್ವರಿಯ ಚೊಚ್ಚಲ ಕೂಸು.

ತೊಟ್ಟಿಲಕ್ಕನಿಂದ ಊರಿಗೆ ಎಷ್ಟು ಉಪಕಾರವಾಗಿತ್ತೋ ಗೊತ್ತಿಲ್ಲ, ರಾಚಪ್ಪನವರಿಗಂತೂ ಕೈತುಂಬ ಆಗಿತ್ತು. ಗಂಡು ಹುಟ್ಟಿದರೆ ಪೇಡೆ, ಹೆಣ್ಣು ಹುಟ್ಟಿದರೆ ಜಿಲೇಬಿ ಹಂಚುವುದು ಆ ಕಡೆಯ ರೂಢಿ. ರಾಚಪ್ಪನವರು ತೊಟ್ಟಿಲಿಗೂ ತಮ್ಮ ಅಂಗಡಿಗೂ ಒಂದು ನಂಟು ಬೆಳೆಸಿಬಿಟ್ಟಿದ್ದರು. ತೊಟ್ಟಿಲಕ್ಕ ಗಂಡು ಎಂದರೆ ಅಂಗಡಿಯ ಚಾಲಕನಿಲ್ಲದ ಸಿಹಿಬಂಡಿ ಪೇಡೆ ಹೇರಿಕೊಂಡು, ಹೆಣ್ಣು ಎಂದರೆ ಜಿಲೇಬಿ ಹೇರಿಕೊಂಡು, ಮೊದಲೇ ಹೇಳಿಟ್ಟ ಬಂಧುಬಳಗದ ಮನೆಗಳಿಗೆ ತಾನೇ ಹೊರಡುತ್ತಿತ್ತು. ಕೂಸಿನ ಅಳು ನಿಲ್ಲುವಷ್ಟರಲ್ಲಿ ಸೋದರಮಾವನ ಮನೆಯಲ್ಲಿ ಸಿಹಿ ತಿಂದು ಕೈ ತೊಳೆದಿರುತ್ತಿದ್ದರು. ಅವಳಿ ಹುಟ್ಟಿದಾಗ ವ್ಯಾಪಾರ ತಪ್ಪಬಾರದೆಂದು ರಾಚಪ್ಪನವರೇ ಬಂಡಿಗೆ ಇನ್ನೊಂದು ಅಪ್ಪಣೆ ಕೊಟ್ಟಿದ್ದರು: ಖಾಲಿ ಹೋಗಬೇಡ, ಸಂಶಯ ಬಂದರೆ ಎರಡೂ ಹೇರಿಕೋ.

"ಮೂತ್ರಪಿಂಡ ಎರಡೂ ಚಲೋ ಅದಾವ," ಎಂದಳು ತೊಟ್ಟಿಲಕ್ಕ. "ಮೂತ್ರಚೀಲ ಚಲೋ ಐತಿ. ಉಚ್ಚಿ ಸರಳ ಹೊಂಟೈತಿ."

"ಮುಂದ ಹೇಳವ್ವಾ!" ಎಂದರು ರಾಚಪ್ಪ.

ತೊಟ್ಟಿಲಕ್ಕ ಇನ್ನೊಂದು ಸುತ್ತು ತೂಗಿದಳು. ಮತ್ತೊಂದು ಸುತ್ತು ತೂಗಿದಳು. ಪರದೆಯ ಮೇಲೆ ಏನೇನೋ ಗೆರೆಗಳು ಬಂದವು, ಹೋದವು.

"ಗಂಡೋ ಹೆಣ್ಣೋ ಈಗ ಹೇಳೂದಿಲ್ಲ. ಉಪ್ಪಿನ ಮ್ಯಾಲೆ ಕಣ್ಣಿಡ್ರಿ. ಕಾಯ್ರಿ."

ಪಡಸಾಲೆಯ ಜನರೆಲ್ಲ ರಾಚಪ್ಪನವರ ಮುಖ ನೋಡಿದರು. ಊರಿಗೆಲ್ಲ ಪೇಡೆ ಜಿಲೇಬಿ ತೂಗಿಕೊಟ್ಟ ಮನುಷ್ಯನಿಗೆ ತನ್ನ ಮನೆಯ ತಕ್ಕಡಿಗೆ ಯಾವುದನ್ನು ಹಾಕಬೇಕೆಂದು ತಿಳಿಯಲಿಲ್ಲ. ಅವರು ಮೆಲ್ಲಗೆ ಟೋಪಿ ತೆಗೆದು, ತಲೆ ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

ಡಾಕ್ಟರ್ ವೈಜಯಂತಿ ರಾಚಪ್ಪನವರನ್ನೂ ಅವರ ಹೆಂಡತಿ ನೀಲವ್ವನನ್ನೂ ದಾನೇಶ್ವರಿಯ ಮಂಚದ ಬಳಿ ಕೂರಿಸಿಕೊಂಡು ವಿವರಿಸಿದರು.

"ಮೂತ್ರಪಿಂಡದ ತಲೆ ಮೇಲೆ ಟೋಪಿ ಹಾಗೆ ಒಂದು ಸಣ್ಣ ಗ್ರಂಥಿ ಇರುತ್ತೆ. ಅದು ಮೂರು ಥರದ ರಸ ಮಾಡುತ್ತೆ. ಒಂದು ಮೈಯಲ್ಲಿ ಉಪ್ಪನ್ನ ಹಿಡಿದಿಡುತ್ತೆ. ಇನ್ನೊಂದು ಕಾಯಿಲೆ ಕಸಾಲೆಯಲ್ಲಿ ಶಕ್ತಿ ಕೊಡುತ್ತೆ. ಮೂರನೇದು ಗಂಡಿನ ಲಕ್ಷಣಗಳನ್ನ ಬೆಳೆಸುತ್ತೆ. ಈ ಮಗುವಿನ ಗ್ರಂಥಿಯಲ್ಲಿ ಒಂದು ಕಿಣ್ವದ ಕೊರತೆ ಇರೋ ಹಾಗಿದೆ. ಮೊದಲಿನ ಎರಡು ರಸ ಆಗ್ತಿಲ್ಲ. ಕಚ್ಚಾ ಸಾಮಾನೆಲ್ಲ ಮೂರನೇದಕ್ಕೇ ಹೋಗಿ ಬೀಳ್ತಿದೆ."

"ಪೇಡೆ ಒಲಿ ಆರಿ, ಖವಾ ಎಲ್ಲಾ ಇನ್ನೊಂದ ಕಡಾಯಿಗೆ ಬಿದ್ದಂಗ," ಎಂದರು ರಾಚಪ್ಪ, ತಮಗೆ ತಾವೇ.

"ಹೂಂ, ಹಾಗೇ ಅನ್ಕೊಳ್ಳಿ. ಅದಕ್ಕೇ ಹೊರಗಡೆ ನೋಡಿದರೆ ಗಂಡೋ ಹೆಣ್ಣೋ ಹೇಳೋಕೆ ಬರ್ತಿಲ್ಲ. ಒಳಗೆ ಮೂತ್ರಕ್ಕೊಂದು, ಜನನಾಂಗಕ್ಕೊಂದು ಅಂತ ಬೇರೆ ಬೇರೆ ಇರಬೇಕಾದ ಎರಡು ದಾರಿ ಕೊನೆಯಲ್ಲಿ ಕೂಡಿಕೊಂಡಿವೆ. ವರ್ಣತಂತು ನೋಡಬೇಕು, ಇನ್ನೂ ಕೆಲವು ಪರೀಕ್ಷೆ ಇವೆ. ನಾವು ನಾಲ್ಕು ಜನ ಡಾಕ್ಟರು ಕೂತು ಮಾತಾಡಬೇಕು."

"ಅಷ್ಟೆಲ್ಲಾ ಯಾಕ್ರಿ ಡಾಕ್ಟರ್ರ? ಇವತ್ತ ಆಪರೇಷನ್ ಮಾಡಿ ಯಾವುದಾರ ಒಂದ ಮಾಡಿಕೊಡ್ರಿ. ಗಂಡಾದ್ರ ಗಂಡು, ಹೆಣ್ಣಾದ್ರ ಹೆಣ್ಣು. ನನಗೇನ್ ಭೇದ ಇಲ್ಲ."

"ಆರ್ಡರ್ ಕೊಟ್ಟು ಮಾಡಿಸೋ ಸಾಮಾನಲ್ಲ ರಾಚಪ್ಪನವರೇ," ಎಂದು ಡಾಕ್ಟರು ನಕ್ಕರು. "ಮೂತ್ರ ಸರಾಗವಾಗಿ ಹೋಗ್ತಿದೆ. ಸೋಂಕಿಲ್ಲ. ಈಗ ಕತ್ತರಿ ಹಾಕೋ ಅಗತ್ಯಾನೇ ಇಲ್ಲ. ಆಮೇಲೆ ಬೇಕಾದರೂ ಬೇಕಾಗಬಹುದು. ಅಷ್ಟರಲ್ಲಿ ಮಗುಗೂ ಬಾಯಿ ಬಂದಿರುತ್ತೆ, ಅದನ್ನೂ ಒಂದು ಮಾತು ಕೇಳೋಣ."

"ಮಂದಿಗೆ ಏನ್ ಹೇಳೂದ್ರಿ ಅಲ್ಲಿತನಕ?"

"ಮಂದಿ ವಿಷಯ ನನಗೆ ಗೊತ್ತಿಲ್ಲ. ಉಪ್ಪಿನ ವಿಷಯ ಹೇಳ್ತೀನಿ, ಕಿವಿಗೊಟ್ಟು ಕೇಳಿ." ಡಾಕ್ಟರ ಮುಖದಲ್ಲಿ ಈಗ ನಗುವಿರಲಿಲ್ಲ. "ಇಂಥ ಮಕ್ಕಳಲ್ಲಿ ಉಪ್ಪು ಉಚ್ಚೆಯಲ್ಲಿ ಸೋರಿಹೋಗುತ್ತೆ. ಎರಡನೇ ವಾರ ತುಂಬಾ ಎಚ್ಚರ ಬೇಕು. ಪ್ರತಿ ಸಲ ಹಾಲು ಕೊಡೋ ಮುಂಚೆ ಮಗುವನ್ನ ತೊಟ್ಟಿಲಲ್ಲಿ ಮಲಗಿಸಿ. ತೊಟ್ಟಿಲು ಎಷ್ಟು ಹೇಳುತ್ತೋ ಅಷ್ಟು ಉಪ್ಪಿನ ನೀರು, ಅಷ್ಟು ಔಷಧ ಕೊಡಿ."

"ತಪ್ಪಿದರ?" ಎಂದು ನೀಲವ್ವ ಕೇಳಿದರು.

"ತಪ್ಪಿದರೆ ಮಗು ಉಳಿಯೋದಿಲ್ಲ."

ರಾಚಪ್ಪನವರು ಕಕ್ಕಾಬಿಕ್ಕಿಯಾದರು. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಕಟ್ಟುನಿಟ್ಟು ನಡೆದುಬಂದಿತ್ತು. ಮಿಠಾಯಿ ಭಟ್ಟಿಯ ಕೋಣೆಯ ಹೊಸ್ತಿಲೊಳಗೆ ಉಪ್ಪು ಕಾಲಿಡುವಂತಿಲ್ಲ. ಉಪ್ಪಿನ ಕೈ ತಾಗಿದರೆ ಹಾಲು ಒಡೆಯುತ್ತದೆಂದು ಅಜ್ಜ ಊಟ ಮಾಡಿ ಎದ್ದವರನ್ನೂ ಕೈ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದನಂತೆ. ಅಂಥ ಮನೆಗೆ ಉಪ್ಪು ಬೇಡುವ ಕೂಸು ಬಂದಿತ್ತು. ನಗಬೇಕೋ ಅಳಬೇಕೋ ತಿಳಿಯದೆ ರಾಚಪ್ಪನವರು ಮಗಳ ಮುಖ ನೋಡಿದರು.

"ಅಪ್ಪಾ," ಎಂದಳು ದಾನೇಶ್ವರಿ, ಕೂಸನ್ನು ಎದೆಗವಚಿಕೊಂಡು, "ಇದು ಪೇಡೆನೂ ಅಲ್ಲ ಜಿಲೇಬಿನೂ ಅಲ್ಲ. ನನ್ನ ಕೂಸು. ನೀ ಸುಮ್ಮಕಿರು."

ಸುಮ್ಮನಿರಬಹುದಿತ್ತು. ಆದರೆ ಅಷ್ಟರಲ್ಲಿ ಸಿಹಿಬಂಡಿ ಹೊರಟುಹೋಗಿತ್ತು. ತೊಟ್ಟಿಲಕ್ಕ ಗಂಡೂ ಎನ್ನಲಿಲ್ಲ, ಹೆಣ್ಣೂ ಎನ್ನಲಿಲ್ಲ. ಬಂಡಿಗೆ ಸಂಶಯ ಬಂತು. ಯಜಮಾನರ ಅಪ್ಪಣೆಯಂತೆ ಪೇಡೆ ಒಂದು ಬುಟ್ಟಿ, ಜಿಲೇಬಿ ಒಂದು ಬುಟ್ಟಿ ಹೇರಿಕೊಂಡು ಗಲ್ಲಿಗಲ್ಲಿ ಸುತ್ತಿ, ಸಂಜೆಯ ಹೊತ್ತಿಗೆ ಗೋಕಾಕದ ಬೀಗರ ಮನೆಗೂ ಮುಟ್ಟಿಸಿ ಬಂತು. ಎರಡೂ ಸಿಹಿ ಕಂಡ ಊರಿಗೆ ಬೇರೆ ಸಮಾಚಾರ ಬೇಕಾಗಲಿಲ್ಲ. ಮರುದಿನ ಅಂಗಡಿಗೆ ಬಂದ ಗಿರಾಕಿಗಳೆಲ್ಲ ರಾಚಪ್ಪನವರ ಕೈ ಕುಲುಕಿದರು.

"ಏನ್ರಿ ರಾಚಪ್ಪನವ್ರ, ಒಮ್ಮಿಗೇ ಎರಡ ಹೊಡದ್ರಿ!"

"ಅವಳಿ-ಜವಳಿ! ಅದೂ ಒಂದ ಗಂಡು ಒಂದ ಹೆಣ್ಣು! ಪುಣ್ಯಾ ಮಾಡಿದ್ರಿ!"

ರಾಚಪ್ಪನವರು ಮೊದಲ ಗಿರಾಕಿಗೆ ಅಲ್ಲ ಎನ್ನಲು ಬಾಯಿ ತೆರೆದರು. ಅಲ್ಲ ಎಂದರೆ ಮುಂದಿನ ಪ್ರಶ್ನೆ ಏನೆಂದು ಹೊಳೆಯಿತು. ಬಾಯಿ ಮುಚ್ಚಿ ಹಲ್ಲು ಕಿರಿದರು. ಎರಡನೆಯವನಿಗೂ ಹಲ್ಲು ಕಿರಿದರು. ಸಂಜೆಯ ಹೊತ್ತಿಗೆ ಅವರ ದವಡೆ ನೋಯುತ್ತಿತ್ತು, ಮತ್ತು ಊರವರ ಲೆಕ್ಕದಲ್ಲಿ ಅವರಿಗೆ ಇಬ್ಬರು ಮೊಮ್ಮಕ್ಕಳಿದ್ದರು.

ಅಳಿಯ ಪ್ರಭು ಸೈನ್ಯದಲ್ಲಿದ್ದ. ಗಡಿಯ ಹಿಮದಲ್ಲಿ ಅವನ ಠಾಣೆ. ಮನುಷ್ಯ ಕೂಸಿನ ಹೊಟ್ಟೆಯೊಳಗಿನ ನಕ್ಷೆ ಬರೆಯುವಷ್ಟು ಮುಂದುವರಿದರೂ ಆ ಗುಡ್ಡದ ಮೇಲೆ ಫೋನು ಹತ್ತುತ್ತಿರಲಿಲ್ಲ. ಹೆರಿಗೆಯ ನಂತರ ಒಮ್ಮೆ ದಾನೇಶ್ವರಿಗೆ ಅವನ ದನಿ ಸಿಕ್ಕಾಗ ಎಲ್ಲವನ್ನೂ ಹೇಳಿದ್ದಳು. "ಕೂಸಿನ್ನ ಉಳಿಸ್ಕೊ. ಉಳಿದದ್ದ ನಾ ಬಂದ ಮ್ಯಾಲೆ ಅವ್ವಗ ಹೇಳ್ತೀನಿ," ಎಂದಿದ್ದ ಅವನು. ಹಾಗಾಗಿ ಅವನ ತಾಯಿ ಪಾರವ್ವ ಗೋಕಾಕದಲ್ಲಿ ಕುಳಿತು ಎರಡು ಕೂಸಿಗೆ ಆಗುವಷ್ಟು ಸಂಭ್ರಮಪಡುತ್ತಿದ್ದಳು.

ಎರಡನೇ ವಾರದ ಒಂದು ಮಧ್ಯಾಹ್ನ ದಾನೇಶ್ವರಿಯನ್ನು ಹೆರಿಗೆಯ ಹೊಲಿಗೆ ನೋಡಲೆಂದು ಕೆಳಗಿನ ಮಹಡಿಗೆ ಕರೆದೊಯ್ದರು. ನೀಲವ್ವ ಜೊತೆಗೆ ಹೋದರು. ಕೂಸಿಗಾಗಿ ಒಂದು ತೊಟ್ಟಿಲಕ್ಕನನ್ನು ಅವರ ಕೋಣೆಗೇ ತಂದಿಟ್ಟಿದ್ದರು. ಕಾವಲಿಗೆ ಕುಳಿತವರು ರಾಚಪ್ಪ.

"ಅಕ್ಕ ಕರದಾಗ ಕೂಸಿನ್ನ ಮಲಗಸು. ಹೇಳಿದಷ್ಟ ಉಪ್ಪಿನ ನೀರು ಕುಡಸು. ಬ್ಯಾರೆ ಏನೂ ಮಾಡಬ್ಯಾಡಪಾ," ಎಂದು ಮಗಳು ಹೇಳಿಹೋಗಿದ್ದಳು.

ಅವಳು ಹೋಗಿ ಸ್ವಲ್ಪ ಹೊತ್ತಾಗಿತ್ತು. ಪಡಸಾಲೆಯ ತುದಿಯಿಂದ ಒಂದು ದನಿ ಕೇಳಿಸಿತು. "ಎಲ್ಲೆದಾವ್ರಿ ನನ್ನ ಜೋಡಿ ಬಂಗಾರ?"

ರಾಚಪ್ಪನವರ ಜೀವ ಬಾಯಿಗೆ ಬಂತು. ಪಾರವ್ವ ಬರುತ್ತಿದ್ದಳು. ಬಂದವಳ ಕೈಯಲ್ಲಿ ಎರಡು ಕುಲಾವಿ, ಒಂದು ಹಸಿರು, ಒಂದು ಕೆಂಪು. ಎರಡಕ್ಕೂ ಜರಿಯ ಅಂಚು. ಅದೇ ಹೊತ್ತಿಗೆ ಒಳಗಿನಿಂದ ತೊಟ್ಟಿಲಕ್ಕ ಶುರುಮಾಡಿದಳು: "ಕೂಸಿನ್ನ ತರ್ರಿ! ಉಪ್ಪು ನೋಡೂ ಹೊತ್ತಾತು!"

ಆ ಬಾಯಿಬಡುಕ ತೊಟ್ಟಿಲು ಬೀಗತಿಯ ಮುಂದೆ ಎಲ್ಲವನ್ನೂ ಹೊರಹಾಕಿದರೆ? ರಾಚಪ್ಪನವರು ಮಂಚದ ಮೇಲಿದ್ದ ಕೌದಿಯನ್ನು ಎಳೆದು, ನಾಲ್ಕು ಮಡಿಕೆ ಮಾಡಿ, ದನಿ ಬರುವ ಜಾಲರಿಗೆ ಗಟ್ಟಿಯಾಗಿ ತುರುಕಿದರು. ನೀಲವ್ವನ ಕೈಹೊಲಿಗೆಯ ದಪ್ಪ ಕೌದಿ. ತೊಟ್ಟಿಲಕ್ಕನ ದನಿ ಬಾವಿಗೆ ಬಿದ್ದವರ ದನಿಯಂತಾಯಿತು. ಡಾಕ್ಟರ್ ವೈಜಯಂತಿಯವರು ಕರೆಂಟು ಹೋದರೆ ಏನು ಮಾಡಬೇಕು, ತಂತಿ ಹರಿದರೆ ಏನು ಮಾಡಬೇಕು ಎಂದು ಎಲ್ಲವನ್ನೂ ಯೋಚಿಸಿದ್ದರು. ಇಡೀ ಪಡಸಾಲೆಗೆ ಕೇಳಿಸುವ ದನಿ ಇರುವಾಗ ಬೇರೆ ಗಂಟೆಯೇಕೆ ಎಂದು ಬಿಟ್ಟಿದ್ದರು. ಬೀಗತಿಗೆ ಹೆದರಿದ ಮನುಷ್ಯನೊಬ್ಬನ ಕೈಗೆ ಕೌದಿ ಸಿಗಬಹುದೆಂದು ಅವರಿಗೆ ತೋಚಿರಲಿಲ್ಲ.

"ಬರ್ರಿ ಬೀಗತೇರ, ಇಲ್ಲೆ ಹೊರಗ ಕುಂದರ್ರಿ. ಒಳಗ ಮಂದಿ ಹೋಗಬಾರದಂತ, ಡಾಕ್ಟರ್ ಅಪ್ಪಣಿ. ನಾನ ಒಂದೊಂದ ತರ್ತೀನಿ," ಎಂದು ರಾಚಪ್ಪನವರು ಅವಳನ್ನು ಪಡಸಾಲೆಯ ಬೆಂಚಿಗೆ ಕೂರಿಸಿದರು. ಹಸಿರು ಕುಲಾವಿ ಇಸಕೊಂಡು ಒಳಗೆ ಹೋದರು. ಕೂಸಿಗೆ ತೊಡಿಸಿ ಹೊರಗೆ ತಂದರು.

"ಅಯ್ಯ ನನ್ನ ಹುಲಿಯ!" ಎಂದು ಪಾರವ್ವ ಲಟಿಕೆ ಮುರಿದಳು. "ಇದು ಗಂಡಸ ಕೂಸು ಹೌದಲ್ರಿ? ನೋಡಿದಕೂಡ್ಲೆ ತಿಳಿತೈತಿ. ಮೂಗು ನಮ್ಮ ಪ್ರಭೂಂದ. ಹೂಂ, ಇನ್ನೊಂದ ತರ್ರಿ."

ರಾಚಪ್ಪನವರು ಒಳಗೆ ಹೋದರು. ಹಸಿರು ಬಿಚ್ಚಿದರು, ಕೆಂಪು ತೊಡಿಸಿದರು, ಎಣಿಸಿ ನಾಲ್ಕು ಉಸಿರು ಬಿಟ್ಟು ಹೊರಗೆ ಬಂದರು.

"ಇದು ತಾಯೀ ರೂಪಾ ತಂದೈತಿ," ಎಂದಳು ಪಾರವ್ವ. "ಮೂಗು ನೋಡ್ರಿ, ಅದರ ಮೂಗಿಗೂ ಇದರ ಮೂಗಿಗೂ ಆಕಾಶ ಭೂಮಿ ಫರಕ. ಆದ್ರ ಇದು ಸ್ವಲ್ಪ ಸೊರಗೇತಿ. ಅವಳೀ ಒಳಗ ಒಂದ ಯಾವಾಗಲೂ ಸೊರಗತೈತಿ. ಎಲ್ಲಿ, ಗಂಡಸ ಕೂಸಿನ್ನ ಮತ್ತೊಮ್ಮಿ ತರ್ರಿ."

ಹೀಗೆ ಒಳಗೆ ಹೊರಗೆ ನಡೆಯಿತು. ನಡುವೆ ಚಹಾ ಬಂತು. ಗೋಕಾಕದ ಸುದ್ದಿಯೆಲ್ಲ ಬಂತು. ರಾಚಪ್ಪನವರು ಮೈಯೆಲ್ಲ ಬೆವರಾಗಿ, ಕುಲಾವಿಯ ಲಾಡಿ ಬಿಚ್ಚುವುದರಲ್ಲಿ ಕಟ್ಟುವುದರಲ್ಲಿ ಮುಳುಗಿಹೋದರು. ಉಪ್ಪಿನ ಹೊತ್ತು ಯಾವಾಗಲೋ ಮೀರಿತ್ತು. ಕೌದಿಯ ಹಿಂದಿನಿಂದ ತೊಟ್ಟಿಲಕ್ಕ ಕೂಗುತ್ತಲೇ ಇದ್ದಳು, ಅದು ಅವರಿಗೆ ಕೇಳಿಸುತ್ತಲೂ ಇತ್ತು. ಇನ್ನೊಂದು ಸಲ ತೋರಿಸಿ ಬೀಗತಿಯನ್ನು ಕಳಿಸಿಬಿಟ್ಟರೆ ಆಯಿತು, ಆಮೇಲೆ ಮಲಗಿಸಿದರಾಯಿತು ಎಂದು ತಮಗೆ ತಾವೇ ಹೇಳಿಕೊಂಡರು.

ಕೆಂಪು ಕುಲಾವಿಯ ಕೂಸು ಮತ್ತೆ ಹೊರಬಂದಾಗ ಪಾರವ್ವ ನಗಲಿಲ್ಲ. ಅದರ ಅಂಗಾಲು ಮುಟ್ಟಿ ನೋಡಿದಳು.

"ಬೀಗರ, ಇದರ ಕಾಲು ತಣ್ಣಗ ಆಗ್ಯಾವು. ಕುಡಿದ ಹಾಲೆಲ್ಲಾ ಕಾರಕೊಂಡೈತಿ. ಚಿವುಟಿದ್ರೂ ಅಳವಲ್ದು. ಇನ್ನೊಂದ ಕೂಸು ತರ್ರಿ ಲಗೂನ, ಅದೂ ಹಿಂಗ ಆಗೇತೇನ ನೋಡೂಣು!"

ರಾಚಪ್ಪನವರು ಕೂಸಿನ ಮುಖ ನೋಡಿದರು. ಅಷ್ಟು ಹೊತ್ತು ಅವರು ಕುಲಾವಿಯನ್ನೇ ನೋಡಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ತುಟಿ ಒಣಗಿತ್ತು.

"ಇನ್ನೊಂದಿಲ್ಲ ಬೀಗತೇರ," ಎಂದರು. "ಇರೂದು ಇದೊಂದ ಕೂಸು."

ಅಷ್ಟು ಹೇಳಿ ಅವರು ಒಳಗೆ ಓಡಿದರು. ಕೂಸನ್ನು ತೊಟ್ಟಿಲಿಗೆ ಹಾಕಿ ಕೌದಿ ಕಿತ್ತೆಸೆದರು. "ಉಪ್ಪು ಇಳದೈತಿ! ಯಾರದೀರಿ ಅಲ್ಲೆ? ಡಾಕ್ಟರನ್ನ ಕರೀರಿ! ಕರೀರಿ!" ಎಂಬ ಕೂಗು ಇಡೀ ಮಹಡಿಗೆ ಕೇಳಿಸಿತು. ದಾದಿಯರು ಓಡಿ ಬಂದರು, ಡಾಕ್ಟರ್ ವೈಜಯಂತಿ ಓಡಿ ಬಂದರು. ಕೂಸಿನ ಎಳೆ ನರಕ್ಕೆ ಸೂಜಿ ಚುಚ್ಚಿ ಉಪ್ಪಿನ ನೀರು, ಔಷಧ ಏರಿಸತೊಡಗಿದರು. ಹೊರಗೆ ಹೋಗಿ ಎಂದು ಯಾರೋ ರಾಚಪ್ಪನವರನ್ನು ದೂಡಿ ಬಾಗಿಲು ಹಾಕಿದರು.

ಬೆಂಚಿನ ಮೇಲೆ ಬೀಗರು ಬೀಗತಿ ಇಬ್ಬರೇ ಕುಳಿತರು. ರಾಚಪ್ಪನವರು ಏನನ್ನೂ ಮುಚ್ಚಿಡದೆ ಹೇಳಿದರು. ತೊಟ್ಟಿಲಕ್ಕ ಕಾಯಿರಿ ಎಂದದ್ದು, ಬಂಡಿ ಎರಡೂ ಸಿಹಿ ಹೇರಿಕೊಂಡು ಹೋದದ್ದು, ತಾವು ಹಲ್ಲು ಕಿರಿದದ್ದು, ಕೌದಿ. ಹೇಳುತ್ತ ಹೇಳುತ್ತ ಅವರು ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟರು. ದಾನೇಶ್ವರಿ ಕೆಳಗಿನಿಂದ ಬಂದವಳು ತಂದೆಯ ಕಡೆ ತಿರುಗಿಯೂ ನೋಡದೆ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಅದು ಅವರಿಗೆ ಯಾವ ಬೈಗುಳಕ್ಕಿಂತಲೂ ಹೆಚ್ಚು ತಾಗಿತು.

ಬೈಯುವ ಕೆಲಸವನ್ನು ಪಾರವ್ವ ವಹಿಸಿಕೊಂಡಳು.

"ಗಂಡೋ ಹೆಣ್ಣೋ ಆ ತೊಟ್ಟಿಲಾ ಹೇಳಲಿಲ್ಲ, ಬರೋಬ್ಬರಿ. ಜೀವಾ ಹೊಂಟೈತಿ ಅಂತ ಹೇಳ್ತಿತ್ತಲ್ರಿ! ಅದರ ಬಾಯಿಗೆ ಕೌದಿ ತುರಕತೀರಲ್ರಿ, ನಿಮಗ ಬುದ್ಧಿ ಎಲ್ಲೆ ಹೋಗಿತ್ತು? ನನಗಂಜಿದ್ರಿ? ನಾ ಏನ್ ಹುಲಿನಾ ಕರಡಿನಾ?"

ಆ ಗಳಿಗೆಯಲ್ಲಿ ರಾಚಪ್ಪನವರ ಕಣ್ಣಿಗೆ ಅವಳು ಎರಡೂ ಆಗಿ ಕಾಣುತ್ತಿದ್ದಳು.

ಕಿಟಕಿಯ ಬಿಸಿಲು ಗೋಡೆ ಏರಿ ಮಾಸುವವರೆಗೆ ಇಬ್ಬರೂ ಅಲ್ಲೇ ಕುಳಿತಿದ್ದರು. ಆಮೇಲೆ ಬಾಗಿಲ ಹಿಂದೆ ಒಂದು ಸಣ್ಣ, ಒರಟು ಅಳು ಕೇಳಿಸಿತು. ತೊಟ್ಟಿಲಕ್ಕನ ದನಿಯೂ ಹಿಂದೆಯೇ ಬಂತು: "ಕೂಸು ಅಳಾಕತ್ತೈತಿ. ಅಳಲಿ ಬಿಡ್ರಿ, ಚಲೋ ಐತಿ."

ಪಾರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಬೆಂಚಿನ ಮೇಲೆ ಬಿದ್ದಿದ್ದ ಎರಡೂ ಕುಲಾವಿಗಳನ್ನು ಎತ್ತಿ ಧೂಳು ಕೊಡವಿದಳು.

"ಇರಲಿ ಬಿಡ್ರಿ ಬೀಗರ. ಒಂದ ಕೂಸಿಗೆ ಎರಡು ಕುಲಾವಿ ಆದುವು. ಒಂದ ಒಗದ್ರ ಒಂದ ಹಾಕಾಕ ಬರತೈತಿ."

ಹೆಸರಿಡುವ ತೊಟ್ಟಿಲು ಕಾರ್ಯವನ್ನು ಆಸ್ಪತ್ರೆಯಲ್ಲೇ ಮಾಡಿದರು. ಕೂಸನ್ನು ಇನ್ನೂ ಮನೆಗೆ ಬಿಟ್ಟಿರಲಿಲ್ಲ. ತೊಟ್ಟಿಲಕ್ಕನಿಗೇ ಹೂವಿನ ಮಾಲೆ ಕಟ್ಟಿದರು. ಪ್ರಭುವಿನ ತಂಗಿ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಕುರ್ ಎಂದು ಊದಿ ಹೆಸರು ಉಸುರಿದಳು. ಸೋದರತ್ತೆ ಹೆಸರಿಟ್ಟ ಕೂಡಲೇ ನೆರೆದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಅಲ್ಲಿಯ ಸಂಪ್ರದಾಯ. ಧಬಧಬ ಗುದ್ದು ಬಿದ್ದವು.

"ಯಾರ್ರಿ ಅದು ಗುದ್ದಾಡೂದು? ಕೂಸು ಮಲಗೇತ್ರಿ!" ಎಂದು ತೊಟ್ಟಿಲಕ್ಕ ಗದರಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ದಾನೇಶ್ವರಿಯೂ ನಕ್ಕಳು, ಅಪ್ಪನ ಕಡೆ ನೋಡಿಯೇ ನಕ್ಕಳು. ಕೂಸಿಗೆ ಅಮೃತ ಎಂದು ಹೆಸರಾಯಿತು.

ಅಷ್ಟರಲ್ಲಿ ಡಾಕ್ಟರ್ ವೈಜಯಂತಿ ರಾಚಪ್ಪನವರನ್ನು ಪಕ್ಕಕ್ಕೆ ಕರೆದರು. "ನೀವು ದಿನಾ ಬೆನ್ನು ಹತ್ತಿದ್ದಿರಲ್ಲ, ವರ್ಣತಂತುವಿನ ಪರೀಕ್ಷೆ ಉತ್ತರ ಬಂದಿದೆ."

ರಾಚಪ್ಪನವರು ಬಾಗಿಲ ಕಡೆ ನೋಡಿದರು. ಹೊರಗೆ ಸಿಹಿಬಂಡಿ ನಿಂತಿತ್ತು. ಬೆಳಿಗ್ಗೆಯೇ ಅದಕ್ಕೂ ತೊಟ್ಟಿಲಿಗೂ ಇದ್ದ ನಂಟನ್ನು ಅವರು ಕಡಿದುಹಾಕಿದ್ದರು.

"ದಾನವ್ವಗ ಹೇಳ್ರಿ, ನಮ್ಮ ಪ್ರಭೂಗ ಹೇಳ್ರಿ. ಅವರು ಹಡದವರು," ಎಂದರು. "ನಾ ಮಿಠಾಯಿ ಹಂಚಾವ. ಬರ್ರಿ, ಬಿಸಿ ಐತಿ."

ಬುಟ್ಟಿಯ ಬಾಳೆಲೆ ಸರಿಸಿದರೆ ಒಳಗೆ ಪೇಡೆಯೂ ಇರಲಿಲ್ಲ, ಜಿಲೇಬಿಯೂ ಇರಲಿಲ್ಲ. ಕಂದು ಬಣ್ಣದ ಕುಂದಾ ಇತ್ತು. ಹಾಲನ್ನು ಒಲೆಯ ಮೇಲಿಟ್ಟು, ಅವಸರ ಮಾಡದೆ, ತಳ ಹಿಡಿಯಗೊಡದೆ ಮಗುಚುತ್ತಲೇ ಇರಬೇಕಾದ ಸಿಹಿ ಅದು. ಎಷ್ಟೋ ವರ್ಷಗಳ ನಂತರ ರಾಚಪ್ಪನವರು ತಾವೇ ಕಡಾಯಿಯ ಮುಂದೆ ನಿಂತು ಮಗುಚಿದ್ದರು. ತೋಳು ಇನ್ನೂ ನೋಯುತ್ತಿತ್ತು.

ನೆಂಟರಲ್ಲೊಬ್ಬಳು ಕುಂದಾ ಬಾಯಿಗಿಟ್ಟು, ರುಚಿ ನೋಡಿ, ತಡೆಯಲಾರದೆ ಕೇಳಿಯೇಬಿಟ್ಟಳು. "ಪೇಡೆ ಅಂದ್ರ ಗಂಡು, ಜಿಲೇಬಿ ಅಂದ್ರ ಹೆಣ್ಣು. ಕುಂದಾ ಅಂದ್ರ ಏನ್ರಿ ಅರ್ಥ?"

"ಕೂಸು ಉಳೀತು ಅಂತ ಅರ್ಥರೀ," ಎಂದರು ರಾಚಪ್ಪ.

ಮುಂದೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಮೂತ್ರಚೀಲ ಹೊಟ್ಟೆಯ ಹೊರಗಿದ್ದ ಒಂದು ಕೂಸಿಗೆ ಶಸ್ತ್ರಚಿಕಿತ್ಸೆಯಾಗಿ ಅದು ಚೇತರಿಸಿಕೊಂಡಾಗ ಅದರ ಅಪ್ಪ ರಾಚಪ್ಪನವರ ಅಂಗಡಿಗೆ ಬಂದು ಪೇಡೆ ಬೇಡ, ಕುಂದಾ ಕೊಡಿ ಎಂದ. ಆಮೇಲೆ ದಿನ ತುಂಬದೆ ಹುಟ್ಟಿ ಉಳಿದ ಕೂಸಿನವರು ಬಂದರು. ಆಮೇಲೆ ಏನೂ ಆಗದೆ ಆರಾಮವಾಗಿ ಹುಟ್ಟಿದ ಕೂಸಿನವರೂ, ನಮ್ಮದೂ ಉಳಿದ ಕೂಸೇ ತಾನೆ ಎಂದು ಕುಂದಾ ಒಯ್ಯತೊಡಗಿದರು. ಮೂರನೆಯ ಹೆಣ್ಣು ಹೆತ್ತು ಅತ್ತೆಗೆ ಹೆದರುತ್ತಿದ್ದವರಿಗೆ ಇದು ದೊಡ್ಡ ಅನುಕೂಲವಾಯಿತು. ಕುಂದಾ ಬಂದ ಮನೆಯಲ್ಲಿ ಜನ ಮುಂದಿನ ಪ್ರಶ್ನೆ ಕೇಳುವ ಮೊದಲು ತಿಂದು ಮುಗಿಸುತ್ತಿದ್ದರು. ನಾಲ್ಕಾರು ವರ್ಷಗಳಲ್ಲಿ ಬೆಳಗಾವಿಯ ತೊಟ್ಟಿಲು ಕಾರ್ಯಗಳಿಂದ ಪೇಡೆ ಜಿಲೇಬಿ ಎರಡೂ ಕಾಲ್ತೆಗೆದವು.

"ನೋಡಿ ನನ್ನ ಹಣೆಬರಹ," ಎಂದು ಡಾಕ್ಟರ್ ವೈಜಯಂತಿ ಅಂಗಡಿಗೆ ಬಂದಾಗ ಹುಸಿಮುನಿಸು ತೋರಿಸುತ್ತಿದ್ದರು. "ಆದಷ್ಟು ಬೇಗ ಉತ್ತರ ಹೇಳಲಿ ಅಂತ ಹಗಲೂ ರಾತ್ರಿ ಕೂತು ತೊಟ್ಟಿಲು ಮಾಡಿದೆ. ಈಗ ತೊಟ್ಟಿಲು ಬಾಯಿ ತೆಗೆದರೆ ಜನ, ಕೂಸು ಆರಾಮ ಐತೇನವ್ವಾ ಅಷ್ಟ ಹೇಳು, ಉಳಿದದ್ದು ಆಮ್ಯಾಲೆ ನೋಡೂಣು ಅಂತಾರೆ." ಹೇಳುತ್ತಲೇ ಅರ್ಧ ಕಿಲೋ ಕುಂದಾ ಕಟ್ಟಿಸಿಕೊಳ್ಳುತ್ತಿದ್ದರು. ಆಸ್ಪತ್ರೆಯ ತೊಟ್ಟಿಲುಗಳಿಗೆಲ್ಲ ಅವರು ಒಂದು ಗಂಟೆಯನ್ನೂ ಜೋಡಿಸಿದ್ದರು. ಅದನ್ನು ಯಾವ ಕೌದಿಯೂ ಮುಚ್ಚಲಾರದಂತೆ ದಾದಿಯರ ಕೋಣೆಯಲ್ಲಿ ಇಟ್ಟಿದ್ದರು.

ಇನ್ನೊಂದು ಬದಲಾವಣೆ ಅಂಗಡಿಯ ಹಿಂದೆ ಭಟ್ಟಿಯ ಕೋಣೆಯಲ್ಲಿ ಆಗಿತ್ತು. ಅಜ್ಜ ಕಂಡಿದ್ದರೆ ಎದೆಯೊಡೆದುಕೊಳ್ಳುತ್ತಿದ್ದ. ಸಕ್ಕರೆ ಮೂಟೆಗಳ ಪಕ್ಕದ ಗೂಡಿನಲ್ಲಿ ಒಂದು ಗಾಜಿನ ಭರಣಿ, ಅದರ ತುಂಬ ಉಪ್ಪು. ಕೂಸಿಗೆ ದಿನಾ ಔಷಧದ ಜೊತೆ ಡಾಕ್ಟರು ಹೇಳಿದಷ್ಟು ಉಪ್ಪು ಬೇಕೇ ಬೇಕಿತ್ತು. ಸುತ್ತಲೂ ಸಿಹಿ ರಾಶಿ ಬಿದ್ದಿದ್ದರೂ ಕೂಸು ಅದರ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಕಣ್ಣು ತಪ್ಪಿಸಿ ಭರಣಿಗೆ ಬೆರಳದ್ದಿ ನೆಕ್ಕುತ್ತಿತ್ತು. ಹಾಲೇನೂ ಒಡೆಯಲಿಲ್ಲ.

ಒಂದು ಸಂಜೆ ಅಂಗಡಿಯ ಮುಂದೆ ಗಿರಾಕಿಗಳ ಸಾಲು ನಿಂತಿತ್ತು. ಕಟ್ಟೆಯ ಮೇಲೆ ಕಾಲು ಜೋತುಬಿಟ್ಟು ಅಮೃತ ಕುಳಿತಿತ್ತು. ಈಗ ಸಣ್ಣದಾಗಿ ನೆತ್ತಿಯ ಮೇಲಷ್ಟೇ ಕೂತ ಆ ಹಸಿರು ಕುಲಾವಿ, ಕೊರಳಲ್ಲಿ ಆಟಕ್ಕೆಂದು ಕಟ್ಟಿಕೊಂಡ ಕೆಂಪು ಕುಲಾವಿ, ಬೆರಳ ತುದಿಯಲ್ಲಿ ಉಪ್ಪಿನ ಬಿಳುಪು. ಪರವೂರಿನ ಗಿರಾಕಿಯೊಬ್ಬ ಕೂಸಿನ ಕೆನ್ನೆ ಹಿಂಡಿ ರಾಚಪ್ಪನವರನ್ನು ಕೇಳಿದ, "ಮೊಮ್ಮಗನೇನ್ರಿ, ಮೊಮ್ಮಗಳೇನ್ರಿ?"

ಒಂದು ಕಾಲಕ್ಕೆ ಅವರ ಜೀವ ಬಾಯಿಗೆ ತಂದಿದ್ದ ಪ್ರಶ್ನೆ ಅದು. ರಾಚಪ್ಪನವರು ಕಟ್ಟೆಯ ಪಕ್ಕದ ಕಡಾಯಿಯಲ್ಲಿ ಕುಂದಾ ಮಗುಚುವುದನ್ನು ನಿಲ್ಲಿಸದೆ ನಕ್ಕರು, ಏನೋ ಹೇಳಹೋದರು. ಅಷ್ಟರಲ್ಲಿ ಅಮೃತ ಬೆರಳು ಚೀಪುವುದನ್ನು ಬಿಟ್ಟು, ಹುಟ್ಟಿದಾಗಿನಿಂದ ತಿಂಗಳಿಗೊಮ್ಮೆ ತಪಾಸಣೆಗೆ ಹೋದಾಗ ತೊಟ್ಟಿಲಕ್ಕನ ಬಾಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ದನಿಯಲ್ಲಿ ಗಿರಾಕಿಯನ್ನು ಗದರಿತು.

"ಗದ್ದಲಾ ಕಡಿಮಿ ಮಾಡ್ರಿ. ಕುಂದಾ ಇನ್ನೂ ಆಗಿಲ್ಲ. ಕಾಯ್ರಿ."